ಇಪ್ಪತ್ತು ರೂಪಾಯಿಗೆ ಎಷ್ಟು ಟೊಮೆಟೊ?

ಸಂಜೆ ತರಕಾರಿ ಗಾಡಿ ಹತ್ತಿರ ನಿಂತರೆ ಎರಡು ಬಗೆಯ ಗಿರಾಕಿಗಳು ಕಾಣುತ್ತಾರೆ. ಕೆಲವರು ‘ಒಂದು ಕೆಜಿ ಕೊಡಿ’ ಅಂತಾರೆ. ಗಾರೆ ಕೆಲಸ ಮುಗಿಸಿ ಬಂದವರು ‘ಇಪ್ಪತ್ತು ರೂಪಾಯಿಗೆ ಹಾಕಿ’ ಅಂತಾರೆ. ಬೆಲೆ ಏರಿದಾಗ ಇವರ ಖರ್ಚು ಏರುವುದಿಲ್ಲ, ಚೀಲ ಹಗುರವಾಗುತ್ತದೆ.

ಇದೇನು ಹೊಸದಲ್ಲ. 1980ರ ಲೋಕಸಭೆ ಚುನಾವಣೆಯಲ್ಲಿ, 1998ರ ದೆಹಲಿ ಚುನಾವಣೆಯಲ್ಲಿ ಈರುಳ್ಳಿಯದೇ ಮಾತು. 2015ರಲ್ಲಿ ತೊಗರಿ ಬೇಳೆ ಕೆಜಿಗೆ 200 ರೂಪಾಯಿ ಮುಟ್ಟಿತು. ಟೊಮೆಟೊ, ಈರುಳ್ಳಿ, ಆಲೂಗಡ್ಡೆಯ ಏರಿಳಿತ ತಡೆಯಲೆಂದು 2018-19ರ ಕೇಂದ್ರ ಬಜೆಟ್‌ನಲ್ಲಿ 500 ಕೋಟಿಯ ‘ಆಪರೇಷನ್ ಗ್ರೀನ್ಸ್’ ಬಂತು. ಅದಾಗಿ ಐದು ವರ್ಷಕ್ಕೆ, 2023ರ ಜುಲೈನಲ್ಲಿ, ಟೊಮೆಟೊ ಬೆಲೆ ಮತ್ತೆ ಗಗನಕ್ಕೇರಿತು.

ಟೊಮೆಟೊ ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಆ ವರ್ಷ ಬೇಸಿಗೆಯಲ್ಲಿ ಬೆಲೆ ನೆಲಕಚ್ಚಿತ್ತು; ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟವರು ಮತ್ತೆ ಸಸಿ ಊರಲಿಲ್ಲ. ಊರಿದ ಕಡೆ ಬಿಳಿನೊಣದ ಕಾಟ, ಎಲೆ ಮುದುಡು ರೋಗ, ಮೇಲೆ ಮಳೆ. ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ದೇಶದಲ್ಲಿ ತರಕಾರಿ ಹಣದುಬ್ಬರ ಆ ತಿಂಗಳು ಶೇ 37 ಮೀರಿತು. ಕೇಂದ್ರದ ಸಹಕಾರಿ ಸಂಸ್ಥೆಗಳು ಕರ್ನಾಟಕ, ಆಂಧ್ರ, ಮಹಾರಾಷ್ಟ್ರದಲ್ಲಿ ಖರೀದಿಸಿ ದೆಹಲಿಯಲ್ಲಿ ಕೆಜಿಗೆ 90ರಂತೆ ಮಾರಿದವು, ಆಮೇಲೆ 80, 70. ಕೆಜಿ ಲೆಕ್ಕದಲ್ಲಿ ಕೊಳ್ಳುವವರಿಗೆ ಅದು ನೆರವೇ. ಇಪ್ಪತ್ತು ರೂಪಾಯಿ ಹಿಡಿದು ಬಂದವರಿಗೆ 80ರ ದರದಲ್ಲೂ ಕಾಲು ಕೆಜಿ.

ಅದೇ ತಿಂಗಳು ಇಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಹೊಂದಿಸಲಾಗದೆ, ಐದು ಕೆಜಿಗೆ ಬದಲು ತಲೆಗೆ 170 ರೂಪಾಯಿ ಖಾತೆಗೆ ಬೀಳತೊಡಗಿತು. ಕೆಜಿಗೆ 34ರ ಲೆಕ್ಕ. ಆಗಿನ ಪೇಟೆ ದರದಲ್ಲಿ ಅದು ಒಂದೂವರೆ ಕೆಜಿ ಟೊಮೆಟೊದ ದುಡ್ಡು. ಸೊಸೈಟಿ ಅಂಗಡಿ ಅಕ್ಕಿ ಕೊಡುತ್ತದೆ, ಸಾರಿಗೆ ಬೇಕಾದದ್ದನ್ನು ಪೇಟೆಯಲ್ಲೇ ಕೊಳ್ಳಬೇಕು. ಟೊಮೆಟೊ ಹೋದರೆ ಹುಣಸೆಹಣ್ಣು ಹಿಂಡಬಹುದು, ಬಹಳ ಮನೆಗಳಲ್ಲಿ ಹಾಗೇ ನಡೆಯಿತು. ಆದರೆ ಬೀನ್ಸು, ಶುಂಠಿ, ಹಸಿಮೆಣಸಿನಕಾಯಿ ಕೂಡ ಜತೆಗೇ ಏರಿದ್ದವು. ಪಲ್ಯ ಮೊದಲು ನಿಂತಿತು, ಆಮೇಲೆ ಸಾರು ತೆಳ್ಳಗಾಯಿತು. ಇದು ಯಾವ ಸೂಚ್ಯಂಕದಲ್ಲೂ ಕಾಣುವುದಿಲ್ಲ, ಕಾಣಬೇಕಿತ್ತು ಅನ್ನಿಸುತ್ತದೆ.

ಜುಲೈನ ಬೆಲೆ ನೋಡಿ ಸಸಿ ಊರಿದವರ ಹಣ್ಣೆಲ್ಲ ಸೆಪ್ಟೆಂಬರ್ ಹೊತ್ತಿಗೆ ಒಟ್ಟಿಗೆ ಮಾರುಕಟ್ಟೆಗೆ ಬಂತು. ಬೆಲೆ ಮತ್ತೆ ಕುಸಿಯಿತು. ಗಾಡಿಯ ಮುಂದಿನ ಚೀಲ ತುಂಬಿತು, ತೋಟದಲ್ಲಿ ಕೊಯ್ಲಿನ ಕೂಲಿ ಹುಟ್ಟಲಿಲ್ಲ.