ಗೆಳೆಯರ ಹೂಡಿಕೆ ಕ್ಲಬ್ಬಿಗೆ ಖಾತೆ ಯಾರ ಹೆಸರಿನಲ್ಲಿರಬೇಕು?

ಪ್ರಶ್ನೆ: ಅಮೆರಿಕದಲ್ಲಿರುವ ನಾವು ಒಂಬತ್ತು ಮಂದಿ ಸಹೋದ್ಯೋಗಿಗಳು ಸೇರಿ ಹೂಡಿಕೆ ಕ್ಲಬ್ ಆರಂಭಿಸುತ್ತಿದ್ದೇವೆ. ತಿಂಗಳಿಗೆ ತಲಾ 100 ಡಾಲರ್ ವಂತಿಗೆ. ನಮ್ಮಲ್ಲಿ ಒಬ್ಬರಿಗೆ ಈಗಾಗಲೇ ಬ್ರೋಕರೇಜ್ ಖಾತೆಯಿದೆ. ಅದರಲ್ಲೇ ಷೇರು ಕೊಂಡರೆ ಸಾಲದೇ? ಕ್ಲಬ್ಬಿನ ಹೆಸರಿನಲ್ಲೇ ಖಾತೆ ತೆರೆಯಬೇಕೆಂದರೆ ಏನೇನು ಬೇಕು?

ಉತ್ತರ: ಸಾಲದು. ಆ ಒಬ್ಬರು ಎಷ್ಟೇ ಪ್ರಾಮಾಣಿಕರಾಗಿದ್ದರೂ ನನ್ನ ಉತ್ತರ ಇದೇ.

ಬ್ರೋಕರ್ ಕಂಪನಿಯ ದಾಖಲೆಯಲ್ಲಿ ಆ ಖಾತೆಯ ಷೇರುಗಳೆಲ್ಲ ಅವರೊಬ್ಬರ ಆಸ್ತಿ. ಲಾಭಾಂಶ ಬಂದರೆ, ಷೇರು ಮಾರಿದರೆ, ಅದರ ವರದಿ ಅವರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಮೇಲೆ ತೆರಿಗೆ ಇಲಾಖೆಗೆ, ಅಂದರೆ ಐಆರ್‌ಎಸ್‌ಗೆ ಹೋಗುತ್ತದೆ. ಉಳಿದ ಎಂಟು ಮಂದಿಯ ಪಾಲು ತನ್ನದಲ್ಲ ಎಂದು ಪ್ರತಿವರ್ಷ ತೋರಿಸಿಕೊಡುವ ಹೊಣೆ ಅವರ ತಲೆಯ ಮೇಲೆ. ವಿಚ್ಛೇದನವೋ ಸಾಲಗಾರರ ದಾವೆಯೋ ಎದುರಾದರೆ ನಿಮ್ಮ ಹಣವೂ ಆ ಜಗಳದೊಳಕ್ಕೆ ಸಿಕ್ಕಿಕೊಳ್ಳುತ್ತದೆ. ಅವರು ತೀರಿಕೊಂಡರಂತೂ, ದುಃಖದಲ್ಲಿರುವ ಮನೆಯವರ ಮುಂದೆ ನಿಂತು ‘ಇದರಲ್ಲಿ ನಮ್ಮದೂ ಇದೆ’ ಎನ್ನಬೇಕಾಗುತ್ತದೆ. ಯಾವ ಗೆಳೆತನವನ್ನೂ ಆ ಪರೀಕ್ಷೆಗೆ ಒಡ್ಡಬಾರದು.

ಹಾಗಾದರೆ ಜಂಟಿ ಖಾತೆ? ಅದೂ ಬೇಡ. ದಂಪತಿಗಳು ಸಾಮಾನ್ಯವಾಗಿ ಬಳಸುವ ಜಂಟಿ ಖಾತೆಯಲ್ಲಿ ಒಬ್ಬರು ತೀರಿಕೊಂಡರೆ ಅವರ ಪಾಲು ಉಳಿದ ಖಾತೆದಾರರಿಗೆ ಸೇರುತ್ತದೆ. ಕ್ಲಬ್ಬಿನಲ್ಲಿ ಅದು ಸದಸ್ಯರ ಹೆಂಡತಿ ಮಕ್ಕಳಿಗೆ ಸೇರಬೇಕಾದ ಹಣ.

ಅಮೆರಿಕದ ಹೂಡಿಕೆ ಕ್ಲಬ್ಬುಗಳು ಸಾಮಾನ್ಯವಾಗಿ ಪಾಲುದಾರಿಕೆಯಾಗಿ ರೂಪುಗೊಳ್ಳುತ್ತವೆ. ಆದ್ದರಿಂದ ಖಾತೆಯ ಅರ್ಜಿಗೂ ಮೊದಲು ಪಾಲುದಾರಿಕೆ ಪತ್ರ ಸಿದ್ಧವಾಗಬೇಕು. ಕ್ಲಬ್ಬಿನ ಹೆಸರು, ವಂತಿಗೆ, ಯಾವ ತೀರ್ಮಾನಕ್ಕೆ ಎಷ್ಟು ಮತ ಬೇಕು, ಇವೆಲ್ಲ ಒಂದು ಸಂಜೆಯಲ್ಲಿ ಮುಗಿಯುವ ಮಾತು. ನಿಧಾನಿಸಬೇಕಾದದ್ದು ಸದಸ್ಯರು ಬಿಟ್ಟುಹೋಗುವ ಕಲಮಿನ ಮೇಲೆ. ನಾನು ಖಜಾಂಚಿಯಾಗಿದ್ದ ಕ್ಲಬ್ಬಿನಲ್ಲಿ ಮೊದಲ ಸದಸ್ಯರು ಹೊರಟಾಗ, ಅವರ ಪಾಲಿಗೆ ಯಾವ ದಿನದ ಬೆಲೆ ಕಟ್ಟಬೇಕು ಎಂಬುದೇ ಪತ್ರದಲ್ಲಿರಲಿಲ್ಲ. ರಾಜೀನಾಮೆ ಕೊಟ್ಟ ದಿನದ್ದೋ, ಸಭೆ ಒಪ್ಪಿದ ದಿನದ್ದೋ? ನಡುವೆ ಮಾರುಕಟ್ಟೆ ಇಳಿದಿತ್ತು. ಎರಡು ಸಭೆ ಅದಕ್ಕೇ ಹೋಯಿತು, ಇಬ್ಬರು ಮಾತು ಬಿಟ್ಟರು. ಎಷ್ಟು ದಿನ ಮುಂಚೆ ತಿಳಿಸಬೇಕು, ಯಾವ ದಿನದ ಬೆಲೆ, ಹಣ ಕೊಡುವುದೋ ಷೇರನ್ನೇ ವರ್ಗಾಯಿಸುವುದೋ, ಸದಸ್ಯರು ತೀರಿಕೊಂಡರೆ ಯಾರಿಗೆ, ಇಷ್ಟನ್ನೂ ಎಲ್ಲರೂ ನಗುನಗುತ್ತಿರುವ ಈ ಹೊತ್ತಿನಲ್ಲೇ ಬರೆದುಕೊಳ್ಳಿ.

ಪತ್ರಕ್ಕೆ ಎಲ್ಲರ ಸಹಿಯಾದ ಮೇಲೆ ಕ್ಲಬ್ಬಿಗೆ ತನ್ನದೇ ತೆರಿಗೆ ಸಂಖ್ಯೆ ಪಡೆಯಬೇಕು. ಇದನ್ನು ಇಐಎನ್ ಎನ್ನುತ್ತಾರೆ. ಐಆರ್‌ಎಸ್ ಜಾಲತಾಣದಲ್ಲೋ ಎಸ್‌ಎಸ್-4 ನಮೂನೆ ತುಂಬಿಯೋ ಪಡೆಯಬಹುದು, ಶುಲ್ಕವಿಲ್ಲ. ಇದಕ್ಕೇ ಹಣ ಕೇಳುವ ಖಾಸಗಿ ಜಾಲತಾಣಗಳಿವೆ, ಅವುಗಳ ಕಡೆ ಹೋಗಬೇಡಿ.

ಎಲ್ಲ ಬ್ರೋಕರ್ ಕಂಪನಿಗಳೂ ಕ್ಲಬ್ ಖಾತೆ ತೆರೆಯುವುದಿಲ್ಲ. ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ತೆರೆಯುವವರು ಸಾಮಾನ್ಯವಾಗಿ ಪಾಲುದಾರಿಕೆ ಪತ್ರದ ಪ್ರತಿ, ಇಐಎನ್, ಸದಸ್ಯರ ಹೆಸರು, ವಿಳಾಸ, ಜನ್ಮದಿನಾಂಕ, ಗುರುತಿನ ವಿವರ ಮತ್ತು ಖಾತೆ ನಡೆಸುವ ಅಧಿಕಾರ ಯಾರಿಗೆ ಎಂಬ ಘೋಷಣೆ ಕೇಳುತ್ತಾರೆ. ಅರ್ಜಿ ನಿಲ್ಲುವುದು ಸಣ್ಣ ಸಂಗತಿಗಳಿಗೆ. ಪತ್ರದಲ್ಲಿ ಕ್ಲಬ್ಬಿನ ಹೆಸರು ಒಂದು ಬಗೆ, ಇಐಎನ್‌ನಲ್ಲಿ ಇನ್ನೊಂದು ಬಗೆ, ಒಬ್ಬರ ಸಹಿ ಬಿಟ್ಟುಹೋಗಿದೆ, ಅವರು ಪ್ರವಾಸದಲ್ಲಿದ್ದಾರೆ. ಎಲ್ಲರೂ ಸೇರಿದ ಸಭೆಯಲ್ಲೇ ಹಾಳೆಗಳನ್ನು ಮೇಜಿನ ಮೇಲಿಟ್ಟು ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು.

ಅರ್ಜಿಯಲ್ಲಿ ಒಂದು ಚೌಕವಿರುತ್ತದೆ: ಮಾರ್ಜಿನ್ ಬೇಕೇ? ಬೇಡ ಎಂದೇ ಗುರುತು ಹಾಕಿ. ಮಾರ್ಜಿನ್ ಎಂದರೆ ಬ್ರೋಕರ್ ಕೊಡುವ ಸಾಲ. ಸಾಮಾನ್ಯ ಪಾಲುದಾರಿಕೆಯಲ್ಲಿ ಕ್ಲಬ್ಬಿನ ಸಾಲಕ್ಕೆ ಪ್ರತಿಯೊಬ್ಬ ಸದಸ್ಯರೂ ಸ್ವಂತ ಆಸ್ತಿಯಿಂದ ಹೊಣೆಗಾರರು. ಈ ಹೊಣೆಗೆ ಮಿತಿ ಬೇಕೆನ್ನುವವರು ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಗಾರಿಕೆಯ ಕಂಪನಿ ಮಾಡಿಕೊಳ್ಳುತ್ತಾರೆ, ಅದಕ್ಕೆ ರಾಜ್ಯ ಸರ್ಕಾರದ ನೋಂದಣಿ, ಶುಲ್ಕ ಬೇರೆ. ಷೇರು ಕೊಳ್ಳುವ ಆದೇಶವನ್ನು ಒಬ್ಬರು ಕೊಡಲಿ, ಖಾತೆಯ ಮಾಸಿಕ ವಿವರ ಇನ್ನೊಬ್ಬರ ಕೈಗೂ ನೇರವಾಗಿ ತಲುಪಲಿ. ಖಜಾಂಚಿಯಾದವರಿಗೆ ಇದು ಅವಮಾನವಲ್ಲ, ರಕ್ಷಣೆ. ಅನುಭವದಿಂದ ಹೇಳುತ್ತಿದ್ದೇನೆ.

ಖಾತೆ ತೆರೆದ ಮೇಲೆ ಕ್ಲಬ್ಬುಗಳು ಮರೆಯುವುದು ತೆರಿಗೆ ವಿವರವನ್ನು. ಪಾಲುದಾರಿಕೆ ತಾನು ತೆರಿಗೆ ಕಟ್ಟುವುದಿಲ್ಲ. ಆದರೆ ಸಾಮಾನ್ಯವಾಗಿ ಪ್ರತಿವರ್ಷ ಮಾರ್ಚ್ 15ರೊಳಗೆ 1065 ನಮೂನೆ ಸಲ್ಲಿಸಿ, ಪ್ರತಿ ಸದಸ್ಯರಿಗೂ ಅವರ ಪಾಲಿನ ಲೆಕ್ಕವಿರುವ ಕೆ-1 ಹಾಳೆ ಕೊಡಬೇಕು. ತಡವಾದರೆ ದಂಡವನ್ನು ತಿಂಗಳ ಲೆಕ್ಕದಲ್ಲಿ, ಪಾಲುದಾರರ ತಲೆ ಎಣಿಸಿ ಹಾಕುತ್ತಾರೆ. ಇನ್ನೊಂದು ಮಾತು: ಕೊಳ್ಳುವ, ಮಾರುವ ತೀರ್ಮಾನದಲ್ಲಿ ಒಂಬತ್ತು ಮಂದಿಯೂ ಭಾಗವಹಿಸಬೇಕು. ಹಣ ಹಾಕಿ ಸುಮ್ಮನಿರುವ ಸದಸ್ಯರಿದ್ದರೆ, ಕ್ಲಬ್ಬಿನ ಸದಸ್ಯತ್ವವನ್ನೇ ಕಾನೂನು ಒಂದು ಹೂಡಿಕೆಪತ್ರವೆಂದು ಎಣಿಸಬಹುದು. ಆಗ ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಎಸ್‌ಇಸಿಯ ನಿಯಮಗಳು ಬಂದು ತಗುಲಿಕೊಳ್ಳುತ್ತವೆ.

ಕೊನೆಯದಾಗಿ ಲೆಕ್ಕದ ಪುಸ್ತಕ. ಖಾತೆಯಲ್ಲಿ ಒಟ್ಟು ಮೊತ್ತವಷ್ಟೇ ಕಾಣುತ್ತದೆ, ಯಾರದ್ದೆಷ್ಟು ಎಂದು ಬ್ರೋಕರ್ ಹೇಳುವುದಿಲ್ಲ. ಅದಕ್ಕೆ ಯೂನಿಟ್ ಪದ್ಧತಿ ಬೇಕು. ಮೊದಲ ತಿಂಗಳ 900 ಡಾಲರನ್ನು ತಲಾ 10 ಡಾಲರಿನ 90 ಯೂನಿಟ್‌ಗಳೆಂದು ಎಣಿಸಿ. ಎರಡನೇ ವಂತಿಗೆ ಬರುವ ಹೊತ್ತಿಗೆ ಆ 900 ಡಾಲರ್ 945 ಆಗಿದ್ದರೆ ಯೂನಿಟ್ ಬೆಲೆ ಹತ್ತೂವರೆ ಡಾಲರ್. ಆಗ 100 ಡಾಲರಿಗೆ ಹತ್ತಲ್ಲ, ಸುಮಾರು ಒಂಬತ್ತೂವರೆ ಯೂನಿಟ್ ಸಿಗುತ್ತದೆ. ವಂತಿಗೆಯಿಂದ ಯೂನಿಟ್‌ಗಳ ಸಂಖ್ಯೆ ಬೆಳೆಯುತ್ತದೆ, ಗಳಿಕೆಯಿಂದ ಯೂನಿಟ್ಟಿನ ಬೆಲೆ ಬೆಳೆಯುತ್ತದೆ. ಇವೆರಡನ್ನು ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ಇಲಿನಾಯ್ ರಾಜ್ಯದ ಬಿಯರ್ಡ್ಸ್‌ಟೌನ್ ಊರಿನ ಮಹಿಳೆಯರ ಕ್ಲಬ್ ಸಾಕ್ಷಿ. ಹತ್ತು ವರ್ಷ ಸರಾಸರಿ ಶೇ 23.4ರಷ್ಟು ಗಳಿಸಿದೆವೆಂದು ಅವರು ದೇಶಕ್ಕೆಲ್ಲ ಹೆಸರಾದರು. 1998ರಲ್ಲಿ ಲೆಕ್ಕ ಪರಿಶೋಧಿಸಿದಾಗ ಅದು ಶೇ 9.1 ಎಂದು ಗೊತ್ತಾಯಿತು. ಅವರು ಯಾರಿಗೂ ಮೋಸ ಮಾಡಹೊರಟವರಲ್ಲ. ತಾವೇ ಹಾಕಿದ ವಂತಿಗೆ ಗಳಿಕೆಯ ಲೆಕ್ಕದೊಳಗೆ ಸೇರಿಹೋಗಿತ್ತು.