ಹಕ್ಕಿ ಹಾರಲಿಲ್ಲ ಅಂದರೆ ಹೆದರಿಲ್ಲ ಅಂತಲ್ಲ

ಆಗುಂಬೆ ಕಡೆಯ ಕಾಡಿನಲ್ಲಿ ಒಂದು ಫೆಬ್ರವರಿ ಬೆಳಿಗ್ಗೆ ಕಪ್ಪೆಬಾಯಿ ಹಕ್ಕಿಯನ್ನು ತೀರಾ ಹತ್ತಿರದಿಂದ ನೋಡಿದ್ದೆ. ಬಣ್ಣ ಥೇಟ್ ಒಣಗಿದ ಎಲೆಯದ್ದು. ತೆಳುವಾದ ಕೊಂಬೆಯ ಮೇಲೆ ಅಂಗೈಗಿಂತ ಚಿಕ್ಕ ಗೂಡು, ಅದರ ಮೇಲೆ ಕಾವಿಗೆ ಕೂತ ಹಕ್ಕಿ. ನಾವು ಆರು ಜನ, ಆರು ಕ್ಯಾಮೆರಾ. ನಾವು ಮುಂದೆ ಸರಿದ ಹಾಗೆ ಅದು ನಿಧಾನವಾಗಿ ಕೊಕ್ಕನ್ನು ಮೇಲೆತ್ತಿತು. ಕಣ್ಣು ಗೆರೆಯಷ್ಟಾಯಿತು. ಆಮೇಲೆ ಅಲ್ಲಾಡಲೇ ಇಲ್ಲ. ‘ಎಷ್ಟು ಚೆನ್ನಾಗಿ ಪೋಸ್ ಕೊಡ್ತಿದೆ ನೋಡಿ’ ಅಂದರು ಯಾರೋ. ನನಗೂ ಹಾಗೇ ಅನ್ನಿಸಿತು. ಇನ್ನೆರಡು ಹೆಜ್ಜೆ ಹತ್ತಿರ ಹೋದೆ.

ಹೋಗಬಾರದಿತ್ತು. ಕಪ್ಪೆಬಾಯಿ ಹೆದರಿದಾಗ ಮಾಡುವುದೇ ಅದು. ಅಪಾಯ ಕಂಡರೆ ಹಾರುವ ಬದಲು ಮುರಿದ ಕೊಂಬೆಯ ಹಾಗೆ ಸೆಟೆದು ಕೂರುತ್ತದೆ. ಅದು ಇಡುವುದು ಒಂದೇ ಒಂದು ಬಿಳಿ ಮೊಟ್ಟೆ. ರಾತ್ರಿ ಹೆಣ್ಣು, ಹಗಲು ಗಂಡು ಕಾವು ಕೊಡುತ್ತವೆ. ಹಗಲಲ್ಲಿ ಗಂಡು ಎದ್ದುಬಿಟ್ಟರೆ ಆ ಬಿಳಿ ಮೊಟ್ಟೆ ಕಾಗೆಗೂ ಕಾಣುತ್ತದೆ, ಮಟಪಕ್ಷಿಗೂ ಕಾಣುತ್ತದೆ. ಅದಕ್ಕೇ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಅವತ್ತು ನಾವು ಕಂಡಿದ್ದು ಭಯ ತಡೆದುಕೊಂಡು ಕೂತಿದ್ದ ಒಬ್ಬ ಅಪ್ಪನನ್ನು.

ಕಾವಿಗೆ ಕೂತ ಪೆಂಗ್ವಿನ್‌ಗಳ ಎದೆಬಡಿತವನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಮನುಷ್ಯರು ಹತ್ತಿರ ಬಂದಾಗ ಹೊರಗೆ ಏನೂ ಆಗದ ಹಾಗೆ ಕೂತಿದ್ದ ಹಕ್ಕಿಯ ಎದೆಬಡಿತವೂ ಜೋರಾಗುತ್ತಿತ್ತು. ಅಂದರೆ, ಹಾರಿಹೋಯಿತಾ ಇಲ್ಲವಾ ಅನ್ನುವುದನ್ನಷ್ಟೇ ನೋಡಿ ಹಕ್ಕಿಗೆ ತೊಂದರೆ ಆಯಿತೋ ಇಲ್ಲವೋ ಅಂತ ಹೇಳಲು ಬರುವುದಿಲ್ಲ.

ಅವತ್ತು ನಮ್ಮಲ್ಲೊಬ್ಬರು ಅಡ್ಡ ಬಂದ ಎರಡು ಎಲೆ ಕಿತ್ತರು. ಎರಡೇ ಎಲೆ ಅಲ್ವಾ ಅನ್ನಿಸಬಹುದು. ಆದರೆ ಮಧ್ಯಾಹ್ನದ ಬಿಸಿಲಿಗೂ ಕಾಗೆಯ ಕಣ್ಣಿಗೂ ಅಡ್ಡ ಇದ್ದಿದ್ದು ಅವೇ ಎಲೆಗಳು. ನಾನು ಏನೂ ಹೇಳಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ವಿಷಯದಲ್ಲಂತೂ ಇನ್ನೂ ಜಾಸ್ತಿ ಎಚ್ಚರ ಬೇಕು. ದೊಡ್ಡ ಮಂಗಟ್ಟೆ 2018ರಿಂದ, ಜೀವಿಗಳ ಅಳಿವಿನ ಅಪಾಯ ಅಳೆಯುವ ಜಾಗತಿಕ ಕೆಂಪು ಪಟ್ಟಿಯಲ್ಲಿ ಅಪಾಯದ ಅಂಚಿನ ಹಕ್ಕಿ. ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಕೂತು, ತನ್ನ ಹಿಕ್ಕೆಯಿಂದಲೇ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಒಂದು ಸೀಳು. ಒಳಗೆ ಅದರ ರೆಕ್ಕೆಯ ಗರಿಗಳು ಉದುರುತ್ತವೆ, ಹೊಸದು ಬರುವ ತನಕ ಹಾರಲಿಕ್ಕಾಗುವುದಿಲ್ಲ. ವಾರಗಟ್ಟಲೆ ಅದಕ್ಕೂ ಮರಿಗೂ ಗಂಡು ತಂದಿದ್ದೇ ಊಟ. ಗಂಡು ಬಹಳ ನಾಚಿಕೆಯ ಹಕ್ಕಿ. ಮರದ ಬುಡದಲ್ಲಿ ಜನ ಕಂಡರೆ ದೂರದಲ್ಲೇ ಕೂತು ಕಾಯುತ್ತದೆ, ಇಲ್ಲ ವಾಪಸ್ ಹೋಗುತ್ತದೆ. ಬುಡದಲ್ಲಿ ಟ್ರೈಪಾಡ್ ಇಟ್ಟುಕೊಂಡು ‘ಇನ್ನೂ ಯಾಕೆ ಬರಲಿಲ್ಲ’ ಅಂತ ನಾವು ಗಡಿಯಾರ ನೋಡುತ್ತೇವೆ. ಒಳಗೆ ಎರಡು ಹೊಟ್ಟೆ ಹಸಿದಿರುತ್ತವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಅನ್ನುವ ಪದಕ್ಕೆ ಕೊಡುವ ಅರ್ಥದಲ್ಲಿ ಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದೂ ಸೇರಿದೆ. ಕೈಯಲ್ಲಿ ಕೋವಿಯೇ ಇರಬೇಕು ಅಂತಿಲ್ಲ.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಸುಮ್ನೆ ಆಟ ಅಲ್ಲ. ನವರಂಗ, ಕಾಕರಣೆ ಹಕ್ಕಿಗಳಿಗೆ ಅದು ತಮ್ಮ ಜಾಗಕ್ಕೆ ನುಗ್ಗಿದ ಎದುರಾಳಿಯ ದನಿ. ಮೇಯುವುದು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತವೆ. ಇನ್ನು ಗೂಡಿನ ಜಾಗವನ್ನು ಗ್ರೂಪಿನಲ್ಲಿ ಹಾಕಿದರೆ ಭಾನುವಾರದೊಳಗೆ ಅಲ್ಲಿ ಹತ್ತು ಕಾರು ನಿಂತಿರುತ್ತವೆ. ಮೊಬೈಲಿನಲ್ಲಿ ತೆಗೆದ ಫೋಟೋದ ಜೊತೆ ಜಾಗದ ವಿವರವೂ ಹೋಗಬಹುದು, ಅದನ್ನು ಅಳಿಸಿಯೇ ಕಳಿಸಿ.

ಫೋಟೋ ತೆಗೆಯುವ ಆಸೆ ತಪ್ಪಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬಾ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ನಡುವೆ ನೀರಿದೆ. ದಡದಲ್ಲೇ ನಿಂತು ಗಂಟೆಗಟ್ಟಲೆ ನೋಡಬಹುದು.

ಹೋದ ಬೇಸಿಗೆಯಲ್ಲಿ ಹಣ್ಣು ಬಿಟ್ಟ ಬಸರಿ ಮರವೊಂದರಿಂದ ದೂರದಲ್ಲಿ ಕೂತಿದ್ದೆ. ಗಂಡು ಮಂಗಟ್ಟೆ ಬಂತು. ಒಂದೊಂದೇ ಹಣ್ಣು ಕಿತ್ತು, ಮೇಲಕ್ಕೆ ಚಿಮ್ಮಿಸಿ ನುಂಗಿತು. ಗಂಟಲು ಉಬ್ಬಿತು. ನಾಲ್ಕೈದು ಫೋಟೋ ಸಿಕ್ಕವು. ಆಮೇಲೆ ರೆಕ್ಕೆಯ ಭುಸುಭುಸು ಸದ್ದು ಮಾಡುತ್ತಾ ಗುಡ್ಡದ ಆಚೆ ಹಾರಿತು. ಗೂಡು ಆ ಕಡೆಯೇ ಇರಬೇಕು. ನಾನು ಹಿಂದೆ ಹೋಗಲಿಲ್ಲ.