ಮೆಕ್ಕೆಜೋಳ ರಸ್ತೆಗೆ ಬಂದಿದ್ದು ಹೇಗೆ?

ಅಕ್ಟೋಬರ್, ನವೆಂಬರ್‌ನಲ್ಲಿ ದಾವಣಗೆರೆಯಿಂದ ಜಗಳೂರಿನ ಕಡೆ ಹೊರಟರೆ ಅಲ್ಲಲ್ಲಿ ಅರ್ಧ ರಸ್ತೆ ಹಳದಿಯಾಗಿರುತ್ತದೆ. ಒಣಗಲೆಂದು ಮೆಕ್ಕೆಜೋಳ ಹರವಿರುತ್ತಾರೆ. ಅಂಚಿಗೆ ಸಾಲಾಗಿ ಕಲ್ಲು. ನಡುವೆ ಬರಿಗಾಲಲ್ಲಿ ಕಾಳು ಕೆದರುತ್ತಾ ನಡೆಯುವ ಹೆಂಗಸು. ಮೋಡ ಕಂಡರೆ ಮನೆಮಂದಿಯೆಲ್ಲ ತಾಡಪಾಲು ಹಿಡಿದು ಓಡಬೇಕು. ರಾತ್ರಿ ಬೈಕಿನಲ್ಲಿ ಬರುವವರಿಗಂತೂ ಇದು ಜೀವಕ್ಕೇ ಅಪಾಯ. ಆದರೆ ರೈತರನ್ನು ಸುಮ್ನೆ ಬೈದರೆ ಏನು ಬಂತು? ಅವರಿಗೆ ಬೇರೆ ಜಾಗ ಎಲ್ಲಿದೆ?

ಮೊದಲು ಇತ್ತು. ಹೊಲದ ಮೂಲೆಯಲ್ಲಿ ಸಗಣಿ ಸಾರಿಸಿದ ಕಣ, ನಡುವೆ ಎತ್ತು ಸುತ್ತುವ ಮೇಟಿ ಕಂಬ. ರಾಗಿ, ಬಿಳಿಜೋಳದ ಒಕ್ಕಣೆ ನಡೆಯುತ್ತಿದ್ದುದು ಚಳಿಗಾಲದ ಒಣ ಹವೆಯಲ್ಲಿ. ಕಾಳು ಮನೆಗೆ ಬರುವ ಹೊತ್ತಿಗೆ ಗರಿಗರಿ ಒಣಗಿರುತ್ತಿತ್ತು. ಆಮೇಲೆ ಅದು ಹಗೇವಿಗೆ ಇಳಿಯುತ್ತಿತ್ತು. ನೆಲದೊಳಗೆ ತೋಡಿದ ಗುಂಡಿ, ಸುತ್ತ ಹುಲ್ಲಿನ ಹಾಸು, ಬಾಯಿಗೆ ಕಲ್ಲು, ಮೇಲೆ ಮಣ್ಣು. ಒಳಗಿನ ಆಮ್ಲಜನಕ ಮುಗಿದರೆ ಹುಳ ಬದುಕುವುದಿಲ್ಲ. ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹಗೇವು ತೆಗೆದ ದಿನ ಮೊದಲು ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ.

ಸರ್ಕಾರ ಉಗ್ರಾಣದ ಕೆಲಸಕ್ಕೆ ಕೈಹಾಕಿದ್ದು ಸ್ವಾತಂತ್ರ್ಯದ ನಂತರ. ಸುಗ್ಗಿಯಲ್ಲಿ ಸಾಲ ಕೊಟ್ಟವನಿಗೆ ಹೆದರಿ ರೈತ ಅಗ್ಗಕ್ಕೆ ಮಾರಬಾರದು, ದಾಸ್ತಾನಿಟ್ಟು ರಸೀದಿ ಮೇಲೆ ಸಾಲ ಪಡೆಯಲಿ ಎಂಬುದು ಲೆಕ್ಕಾಚಾರ. 1956ರಲ್ಲಿ ಕಾಯ್ದೆ ಬಂತು, 1957ರಲ್ಲಿ ಕೇಂದ್ರ ಮತ್ತು ರಾಜ್ಯದ ಉಗ್ರಾಣ ನಿಗಮಗಳು ಹುಟ್ಟಿದವು. ಕೃಷಿ ಮಾರುಕಟ್ಟೆಗಳ ಎಪಿಎಂಸಿ ಕಾಯ್ದೆ 1966ರದ್ದು. ರಸೀದಿಗೆ ಇನ್ನಷ್ಟು ಬಲ ಕೊಡಲು 2007ರಲ್ಲಿ ಮತ್ತೊಂದು ಕಾಯ್ದೆ ಆಯಿತು. ಆಲೋಚನೆ ಒಳ್ಳೆಯದೇ. ಆದರೆ ಇವೆಲ್ಲ ಒಣಗಿದ ಕಾಳಿನ ವ್ಯವಸ್ಥೆ.

ಅಷ್ಟರಲ್ಲಿ ನಮ್ಮ ಬೆಳೆಯೇ ಬದಲಾಗಿತ್ತು. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೋಳಿ ಆಹಾರ ಮತ್ತು ಪಿಷ್ಟದ ಕಾರ್ಖಾನೆಗಳಿಗೆ ಮೆಕ್ಕೆಜೋಳ ಬೇಕಾಯಿತು, ಹೈಬ್ರಿಡ್ ಬೀಜ ಊರೂರಿಗೆ ಬಂತು. ಇದರ ಕಟಾವು ಹಿಂಗಾರು ಮಳೆ ಹೊಯ್ಯುವ ಹೊತ್ತಿಗೇ ಬರುತ್ತದೆ. ಮಷಿನ್‌ನಿಂದ ಬೀಳುವ ಕಾಳಿನಲ್ಲಿ ಶೇ 20ಕ್ಕಿಂತ ಜಾಸ್ತಿ ತೇವಾಂಶ ಇರುವುದು ಸಾಮಾನ್ಯ. ಸುರಕ್ಷಿತವಾಗಿ ಇಡಬೇಕೆಂದರೆ ಶೇ 14ಕ್ಕೆ ಇಳಿಯಬೇಕು. ಅಂದರೆ ಒಂದು ಕ್ವಿಂಟಲ್‌ನಲ್ಲಿ ಸುಮಾರು 7 ಕೆ.ಜಿ. ನೀರು ಹೋಗಬೇಕು. ಹೋಗದಿದ್ದರೆ ಬೂಷ್ಟು ಹಿಡಿಯುತ್ತದೆ, ಅಫ್ಲಾಟಾಕ್ಸಿನ್ ಎಂಬ ವಿಷವೂ ಸೇರಬಹುದು.

ಮಂಡಿಯಲ್ಲಿ ನಿಂತು ನೋಡಿ. ಖರೀದಿದಾರ ಚೀಲದೊಳಗೆ ಮೊಣಕೈವರೆಗೆ ಕೈ ಹಾಕುತ್ತಾನೆ, ಒಂದು ಕಾಳು ಹಲ್ಲಿಗಿಟ್ಟು ಕಚ್ಚುತ್ತಾನೆ. ಕಟ್ಟೆಂದರೆ ಒಂದು ರೇಟು, ಮೆತ್ತಗಿದ್ದರೆ ಇನ್ನೊಂದು. 2025-26ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಹಸಿ ಕಾಳು ಹೊತ್ತು ನಿಂತವನಿಗೆ ಆ ಬೆಲೆಯಿಂದ ಏನು ಪ್ರಯೋಜನ ಹೇಳಿ? ಅವನು ಉಗ್ರಾಣಕ್ಕೂ ಹೋಗುವಂತಿಲ್ಲ, ಕಾಯುವಂತೆಯೂ ಇಲ್ಲ.

ಚಳ್ಳಕೆರೆ, ಹಿರಿಯೂರಿನ ಈರುಳ್ಳಿಯ ಗೋಳು ಬೇರೆಯೇ. ಮುಂಗಾರಿನ ಗಡ್ಡೆಯಲ್ಲಿ ನೀರು ಜಾಸ್ತಿ, ಗಾಳಿಯಾಡುವ ಶೆಡ್ಡಿನಲ್ಲೂ ಹೆಚ್ಚು ದಿನ ತಾಳದು. ಅದಕ್ಕೆ ಬೇಕಿರುವುದು ಬೇಗ ಸಾಗಿಸುವ ದಾರಿ.

ಇದು ನಮ್ಮೊಬ್ಬರ ಕಥೆಯಲ್ಲ. ಕೊಯ್ಲಿನಿಂದ ಅಂಗಡಿ ಮುಟ್ಟುವ ಮೊದಲೇ ಜಗತ್ತಿನ ಆಹಾರದಲ್ಲಿ ಸುಮಾರು ಶೇ 14 ಹಾಳಾಗುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಅಂದಾಜಿಸಿತು. ಕ್ಯಾಮರೂನ್‌ನಲ್ಲಿ 1980ರ ದಶಕದ ಕೊನೆಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಅಲಸಂದೆಗಾಗಿ ಮೂರು ಪದರದ, ಗಾಳಿಯಾಡದ ಚೀಲ ರೂಪಿಸಿದರು. ಈಗ ಆಫ್ರಿಕಾದ ಅನೇಕ ದೇಶಗಳ ಸಣ್ಣ ರೈತರು ಅದನ್ನು ಬಳಸುತ್ತಾರೆ. ನಮ್ಮ ಹಗೇವಿನ ತತ್ವವೇ ಅಲ್ವಾ? ಆದರೆ ಆ ಚೀಲಕ್ಕೂ ಒಣಗಿದ ಕಾಳೇ ಬೇಕು.

ಹಾಗಾಗಿ ಉಗ್ರಾಣಕ್ಕಿಂತ ಮೊದಲು ಕೇಳಬೇಕಾದ್ದು ಊರಿಗೊಂದು ಸಿಮೆಂಟಿನ ಕಣ, ಬಾಡಿಗೆಗೆ ಸಿಗುವ ಡ್ರೈಯರ್. 2020ರಲ್ಲಿ ಕೇಂದ್ರ ಸರ್ಕಾರ 1 ಲಕ್ಷ ಕೋಟಿ ರೂಪಾಯಿಯ ಕೃಷಿ ಮೂಲಸೌಕರ್ಯ ನಿಧಿ ಪ್ರಕಟಿಸಿತು. 2 ಕೋಟಿವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3 ರಿಯಾಯಿತಿ. ಗೋದಾಮಿನ ಜೊತೆಗೆ ಕಾಳು ಒಣಗಿಸುವಂಥ ಪ್ರಾಥಮಿಕ ಸಂಸ್ಕರಣೆಗೂ ಅದರಲ್ಲಿ ಅವಕಾಶವಿದೆ. ಊರಿನ ಸಹಕಾರ ಸಂಘದ ಮುಂದಿನ ಸಭೆಯಲ್ಲಿ ಗೋದಾಮಿನ ಅರ್ಜಿ ಬಂದರೆ, ಡ್ರೈಯರ್ ಎಲ್ಲಿ ಎಂದು ಯಾರಾದರೂ ಎದ್ದು ಕೇಳಲಿ.